ಮುನ್ನುಡಿಕಾರರ ಕಣ್ಣು

ಒಂದು ಪುಸ್ತಕವನ್ನು ನೀವು ಓದಿದ್ದೀರೋ ಇಲ್ಲವೋ ಎಂಬುದನ್ನು ನಿಮ್ಮ ಬಾಯಿಯನ್ನು ಕೇಳದೆ ಕಣ್ಣನ್ನೇ ಕೇಳಿ ತಿಳಿದುಕೊಳ್ಳುವ ಯಂತ್ರ ಬಂದರೆ ಏನಾದೀತು? ಬೇರೆ ಊರುಗಳ ಮಾತು ನನಗೆ ಗೊತ್ತಿಲ್ಲ. ಮೈಸೂರಿನಲ್ಲಿ ಮೊದಲು ಸಿಕ್ಕಿಬಿದ್ದವರು ಪ್ರೊಫೆಸರ್ ನಂಜರಾಜಯ್ಯನವರು.

ನಂಜರಾಜಯ್ಯನವರು ಕನ್ನಡ ಪಾಠ ಹೇಳಿ ನಿವೃತ್ತರಾದವರು. ಆದರೆ ಊರಿಗೆಲ್ಲ ಅವರು ಗೊತ್ತಿದ್ದದ್ದು ಮುನ್ನುಡಿಯಿಂದ. ಮೈಸೂರು, ಮಂಡ್ಯ, ಚಾಮರಾಜನಗರದ ಕಡೆ ಯಾರು ಪುಸ್ತಕ ಬರೆದರೂ ಮೊದಲು ಅವರ ಮನೆ ಬಾಗಿಲು ತಟ್ಟುತ್ತಿದ್ದರು. ಅವರೂ ಯಾರಿಗೂ ಇಲ್ಲ ಎಂದವರಲ್ಲ. ಇಲ್ಲ ಎನ್ನಬೇಕಾದರೆ ಪುಸ್ತಕ ಓದಿ ಕಾರಣ ಹೇಳಬೇಕು. ಹೂಂ ಎನ್ನಲು ಆ ಕಷ್ಟವಿಲ್ಲ. ಮೊದಲ ಪುಟ, ಕೊನೆಯ ಪುಟ, ನಡುವೆ ಎಲ್ಲಾದರೂ ಒಂದು ಪುಟ ನೋಡುತ್ತಿದ್ದರು. "ಅನ್ನ ಬೆಂದಿದೆಯೋ ಇಲ್ಲವೋ ನೋಡೋಕೆ ಒಂದಗುಳು ಹಿಸುಕಿದರೆ ಸಾಕು" ಎಂಬುದು ಅವರ ಸಮಾಧಾನ. ಆಮೇಲೆ ಬರೆದವರ ಊರು ಯಾವುದು ಎಂದು ಕೇಳುತ್ತಿದ್ದರು. ಊರು ಗೊತ್ತಾದರೆ ಅರ್ಧ ಮುನ್ನುಡಿ ಮುಗಿದ ಹಾಗೆ. ಉಳಿದರ್ಧ ಸ್ನಾನಕ್ಕೆ ನೀರು ಕಾಯುವಷ್ಟರಲ್ಲಿ ಆಗಿಬಿಡುತ್ತಿತ್ತು.

ಅವರು ಕೆಟ್ಟವರಲ್ಲ. ಬಂದವರನ್ನು ನಿರಾಸೆ ಮಾಡಬಾರದು ಎಂಬ ಒಳ್ಳೆಯತನವೇ ಸೋಮಾರಿತನದ ಜೊತೆ ಸೇರಿ ಹೀಗಾಗಿತ್ತು. ಇಂಥ ಒಳ್ಳೆಯವರು ನಮ್ಮಲ್ಲಿ ಬೇಕಾದಷ್ಟು ಜನ ಇದ್ದಾರೆ.

ಕಣ್ಣಿನ ಪೊರೆ ತೆಗೆಸಿದ ಮೇಲೆ ಅವರಿಗೆ ಸಣ್ಣ ಅಕ್ಷರ ಕಾಣದಾಯಿತು. ಮನೆಯ ಪುಸ್ತಕಗಳನ್ನೆಲ್ಲ ಮಗ ಮಲ್ಲೇಶ ಹಿಂದೆಯೇ ಸ್ಕ್ಯಾನ್ ಮಾಡಿಸಿಟ್ಟಿದ್ದ. ಹುಣಸೂರಿನಲ್ಲಿ ಪಶುವೈದ್ಯನಾಗಿರುವ ಅವನು ಭಾನುವಾರಕ್ಕೆ ಮಾತ್ರ ಮನೆಗೆ ಬರುತ್ತಾನೆ. ಅದಲ್ಲದೆ ಈಚೆಗೆ ಲೇಖಕರು ಕಾಗದ ತರುವುದನ್ನೇ ಬಿಟ್ಟು ಪಿಡಿಎಫ್ ಕಳಿಸುತ್ತಿದ್ದರು. ಇವನ್ನೆಲ್ಲ ತುಂಬಿಸಿಕೊಂಡು ದೊಡ್ಡ ಅಕ್ಷರದಲ್ಲಿ ಓದಲು ಒಂದು ಓದುಯಂತ್ರ ಬೇಕಾಯಿತು. ಕೊಡಿಸಲು ಕರೆದುಕೊಂಡು ಹೋದವಳು ಸೊಸೆ ಇಂಚರ. ಇಂಥ ಯಂತ್ರ ತಯಾರಿಸುವ ಹೂಟಗಳ್ಳಿಯ ಪ್ರಯೋಗಾಲಯವೊಂದರಲ್ಲಿ ಅವಳು ಎಂಜಿನಿಯರ್. ಅವರ ಯಂತ್ರ ಇನ್ನೂ ಅಂಗಡಿಗೆ ಬಂದಿರಲಿಲ್ಲ.

ಅಂಗಡಿಯವನು ಮೊದಲು ತೋರಿಸಿದ ಯಂತ್ರ ನೋಡಲು ಚೆಂದವಿತ್ತು.

"ಇದು ಬೇಡ ಮಾವ," ಎಂದಳು ಇಂಚರ. "ಇದರಲ್ಲಿ ಅವರ ಅಂಗಡೀಲಿ ಕೊಂಡ ಪುಸ್ತಕ ಬಿಟ್ರೆ ನಮ್ಮದು ತೆಗೆಯೋದೇ ಕಷ್ಟ."

"ಗಂಡನ ಮನೆಗೆ ಬಂದ ಮೇಲೆ ತವರಿನ ಸೀರೆ ಉಡಬೇಡ ಅಂದ ಹಾಗಾಯ್ತು," ಎಂದರು ಜೊತೆಗೆ ಬಂದಿದ್ದ ಹೆಂಡತಿ ಸರ್ವಮಂಗಳಮ್ಮ.

ಎರಡನೆಯದು ಯಾವ ಫೈಲ್ ಕೊಟ್ಟರೂ ತೆಗೆಯಿತು. ಆದರೆ ಒತ್ತಕ್ಷರಗಳೆಲ್ಲ ಕಳಚಿ ಪಕ್ಕದಲ್ಲಿ ಬಿದ್ದಿದ್ದವು. ಮೂರನೆಯದರಲ್ಲಿ ಕನ್ನಡ ಸರಿಯಾಗಿತ್ತು, ಸ್ಕ್ಯಾನ್ ಮಾಡಿದ ಪುಟ ಮಾತ್ರ ಇರುವೆ ಸಾಲಿನ ಹಾಗೆ ಕಂಡಿತು; ಹಿಗ್ಗಿಸಿದರೆ ಸಾಲಿನ ಅರ್ಧ ಪರದೆಯಿಂದ ಆಚೆ ಹೋಗುತ್ತಿತ್ತು.

"ನಮ್ಮ 'ಹಾಳೆ'ನೇ ತಂದುಕೊಡ್ತೀನಿ, ಬಿಡಿ," ಎಂದಳು ಇಂಚರ. "ಸ್ಕ್ಯಾನ್ ಪುಟದ ಅಕ್ಷರಗಳನ್ನೂ ಬಿಡಿಸಿ ದೊಡ್ಡದಾಗಿ ಜೋಡಿಸುತ್ತೆ. ಪರೀಕ್ಷೆಗೆ ಅಂತ ಹೊರಗಿನೋರಿಗೆ ಕೊಡ್ತಿದೀವಿ. ನಮಗೂ ನಿಮ್ಮಂಥೋರೇ ಬೇಕು."

"ನಮ್ಮಂಥೋರು ಅಂದ್ರೆ?"

"ತುಂಬ ಓದಿರೋರು, ಮಾವ."

ಸರ್ವಮಂಗಳಮ್ಮ ಸೆರಗಿನಿಂದ ಬಾಯಿ ಒರೆಸಿಕೊಂಡರು. ನಕ್ಕರೋ ಏನೋ, ಯಾರಿಗೂ ಕಾಣಲಿಲ್ಲ.

ಹಾಳೆಯ ಹೆಚ್ಚುಗಾರಿಕೆ ಅಕ್ಷರ ಜೋಡಿಸುವುದಲ್ಲ. ಅಂಗಡಿಯಿಂದ ಕೊಂಡ ಡಿಜಿಟಲ್ ಪುಸ್ತಕವಾದರೆ ನೀವು ಎಲ್ಲಿಯವರೆಗೆ ಓದಿದ್ದೀರಿ ಎಂದು ಯಂತ್ರಕ್ಕೆ ನೆನಪಿರುತ್ತದೆ. ನೀವೇ ತಂದು ತುಂಬಿಸಿದ ಸಾವಿರ ಪುಸ್ತಕಗಳಲ್ಲಿ ಯಾವುದನ್ನು ಯಾವ ಕಾಲದಲ್ಲಿ ಕಾಗದದ ಮೇಲೆ ಓದಿದ್ದಿರಿ, ಯಾವುದನ್ನು ನಡುವೆ ಬಿಟ್ಟಿರಿ ಎಂದು ಅದಕ್ಕೆ ಹೇಗೆ ಗೊತ್ತಾಗಬೇಕು? ಇಂಚರ ಕಂಡುಕೊಂಡ ದಾರಿ ಕಣ್ಣಿನದು. ಓದುವ ಕಣ್ಣು ಹರಿಯುವುದಿಲ್ಲ, ಕುಪ್ಪಳಿಸುತ್ತದೆ. ಒಂದು ಪದದ ಮೇಲೆ ಕೂರುತ್ತದೆ, ಮುಂದೆ ಹಾರುತ್ತದೆ, ಅನುಮಾನ ಬಂದರೆ ಹಿಂದಕ್ಕೆ ಬರುತ್ತದೆ. ಹಿಂದೆ ಓದಿದ್ದ ಪುಟವಾದರೆ ಕೂರುವ ಹೊತ್ತು ಕಡಿಮೆ, ಹಾರುವ ದೂರ ಹೆಚ್ಚು. ಮನಸ್ಸು ಮರೆತಿದ್ದರೂ ಕಣ್ಣು ಮರೆತಿರುವುದಿಲ್ಲ. ಹಾಳೆಯ ಅಂಚಿನಲ್ಲಿರುವ ಪುಟ್ಟ ಕ್ಯಾಮೆರಾ ಇದನ್ನು ಅಳೆಯುತ್ತದೆ. ಓದಿದ ಪುಸ್ತಕದ ಹೆಸರಿನ ಮುಂದೆ ತುಂಬಿದ ಚುಕ್ಕೆ ಬರುತ್ತದೆ, ಅರ್ಧ ಓದಿದ್ದರೆ ಅರ್ಧ ಚುಕ್ಕೆ. ಓದೇ ಇಲ್ಲದಿದ್ದರೆ ಬರೀ ಸೊನ್ನೆ.

ವಿದ್ಯಾರ್ಥಿಗಳು, ನರ್ಸುಗಳು, ಬ್ಯಾಂಕಿನವರು ಮುಂತಾಗಿ ಬೇಕಾದಷ್ಟು ಜನರ ಮೇಲೆ ಪರೀಕ್ಷೆ ಆಗಿತ್ತು. ಅವರು ಹೇಳಿದ್ದಕ್ಕೂ ಯಂತ್ರ ತೋರಿಸಿದ್ದಕ್ಕೂ ತಾಳೆಯಾಗಿತ್ತು. ಆದರೂ ಪ್ರಯೋಗಾಲಯದ ಮುಖ್ಯಸ್ಥೆ ಶಾಹಿದಾ ಮೇಡಂಗೆ ಒಂದು ಒರೆಗಲ್ಲು ಬೇಕಿತ್ತು. "ಜನ ಓದಿದೀನಿ ಅಂತ ಸುಳ್ಳೂ ಹೇಳಬಹುದು. ಖಂಡಿತ ಓದಿದಾರೆ ಅಂತ ಸಾಕ್ಷಿ ಇರೋರು ಬೇಕು," ಎಂದಿದ್ದರು. ಮುನ್ನುಡಿಗಿಂತ ದೊಡ್ಡ ಸಾಕ್ಷಿ ಯಾವುದು? ಅಚ್ಚಾಗಿದೆ, ಕೆಳಗೆ ಸಹಿ ಇದೆ.

ಹೀಗೆ ನಂಜರಾಜಯ್ಯನವರು ಇಸ್ತ್ರಿ ಮಾಡಿದ ಜುಬ್ಬಾ ತೊಟ್ಟು ಗಾಜಿನ ಕೋಣೆಯಲ್ಲಿ ಕೂತರು. ಅವರು ಮುನ್ನುಡಿ ಬರೆದ ಹಲವು ಪುಸ್ತಕಗಳನ್ನು ಹಾಳೆಗೆ ತುಂಬಿಸಿದ್ದರು. ಒಂದೊಂದರಿಂದಲೂ ಯಂತ್ರ ತಾನೇ ಆರಿಸಿದ ಕೆಲವು ಪುಟಗಳನ್ನು ಓದಬೇಕಿತ್ತು. ಅದು ಕಣ್ಣು ಅಳೆಯುವ ಯಂತ್ರ ಎಂದು ಇಂಚರ ಹೇಳಿದ್ದಳು. ಅವರು ಅದನ್ನು ಕಣ್ಣಾಸ್ಪತ್ರೆಯ ಪರೀಕ್ಷೆಯಂಥದ್ದು ಎಂದುಕೊಂಡಿದ್ದರು. ಪುಟಗಳೆಲ್ಲ ಮುಗಿದ ಮೇಲೆ ಗಾಜಿನಾಚೆ ಕೂತವರು ಒಬ್ಬರ ಮುಖ ಒಬ್ಬರು ನೋಡಿಕೊಂಡಿದ್ದು ಅವರಿಗೆ ಕಂಡಿತು. ಹೊರಗೆ ಬಂದು ದೊಡ್ಡ ಪರದೆ ನೋಡಿದರೆ, ಪುಸ್ತಕಗಳ ಹೆಸರು ಸಾಲಾಗಿದ್ದವು. ಮುಂದೆ ಸೊನ್ನೆ. ಅದರ ಕೆಳಗೆ ಸೊನ್ನೆ. ಅದರ ಕೆಳಗೂ ಸೊನ್ನೆ.

"ಏನಮ್ಮ ಇದು?" ಎಂದರು. ಸೊನ್ನೆಗಳ ಮೇಲೆ 'ಓದಿಲ್ಲ' ಎಂದು ಬರೆದಿತ್ತು; ಅರ್ಥವಾಗಿತ್ತು.

"ಯಂತ್ರ ಕೈಕೊಡ್ತು ಸರ್, ಕ್ಷಮಿಸಿ," ಎಂದರು ಶಾಹಿದಾ. "ನಿಮ್ಮಂಥ ಓದುಗರನ್ನ ಓದೇ ಇಲ್ಲ ಅನ್ನುತ್ತಲ್ಲ! ಹುಡುಗರ ಕಣ್ಣಿಗೆ ಸರಿ ಹೇಳಿದ್ದು ಬರೀ ಅದೃಷ್ಟ ಇರಬೇಕು. ಒರೆಗಲ್ಲೇ ಬೇಡ ಅಂದ ಮೇಲೆ ಚಿನ್ನ ಅನ್ನೋದು ಹೇಗೆ?"

ಆಗಲೇ ಹೇಳಬಹುದಿತ್ತು. ಬಾಯಿ ತೆರೆದರು ಕೂಡ. ಅಷ್ಟರಲ್ಲಿ ಯಾರೋ ಕಾಫಿ ತಂದುಕೊಟ್ಟರು, ಕುಡಿದರು. ಮನುಷ್ಯನ ಮಾನ ಉಳಿಯುವುದೂ ಹೋಗುವುದೂ ಎಷ್ಟೋ ಸಲ ಇಂಥ ಒಂದು ಲೋಟ ಕಾಫಿಯಲ್ಲೇ.

ಆ ವಾರ ಮನೆಯಲ್ಲಿ ಇಂಚರ ಸರಿಯಾಗಿ ಊಟ ಮಾಡಲಿಲ್ಲ. ಸಾರು ಕಲಸಿ ಹಾಗೇ ಕೂತಿರುತ್ತಿದ್ದಳು. ಹಣ ಹಾಕುವವರು ಬರುವ ಮೊದಲು ಹಾಳೆಯಿಂದ ಕಣ್ಣಿನ ಭಾಗವನ್ನೇ ಕಿತ್ತುಹಾಕಬೇಕು, ತನ್ನ ಲೆಕ್ಕಾಚಾರ ತಪ್ಪಿತ್ತು ಎಂದು ಅವಳೇ ಬರೆದುಕೊಡಬೇಕು ಎಂದು ತೀರ್ಮಾನವಾಗಿತ್ತು. ಅದು ಹೋದರೆ ಅಲ್ಲಿ ಅವಳಿಗೆ ಕೆಲಸವೂ ಇಲ್ಲ.

"ಐದು ವರ್ಷದಿಂದ ಮಾಡಿದ್ದು ಅತ್ತೆ," ಎಂದಳು. "ತಪ್ಪು ಎಲ್ಲಿ ಅಂತ ಸಿಕ್ಕಿದ್ರೆ ಸಾಕಿತ್ತು. ಎಲ್ಲಾ ಸರಿ ಇದೆ, ಆದ್ರೆ ಉತ್ತರ ತಪ್ಪು. ನಂಗೆ ತಲೆ ಇಲ್ಲವೇನೋ ಅನ್ನಿಸ್ತಿದೆ."

"ಉತ್ತರಾನೇ ಸರಿ ಇದ್ರೆ?" ಎಂದರು ಸರ್ವಮಂಗಳಮ್ಮ, ಮಜ್ಜಿಗೆ ಬಡಿಸುತ್ತ.

"ಹಾಗಂದ್ರೆ ಮಾವ ಓದಿಲ್ಲ ಅಂತ ಆಗುತ್ತಲ್ಲ ಅತ್ತೆ!" ಇಂಚರ ಅಷ್ಟು ದಿನಗಳಲ್ಲಿ ಮೊದಲ ಸಲ ನಕ್ಕಳು. "ಮೇಡಂ ಇನ್ನೊಂದು ಅವಕಾಶ ಕೊಟ್ಟಿದಾರೆ. ನಾಳಿದ್ದು ಒಂದೇ ಪುಸ್ತಕ ಇಡ್ತೀನಿ. ಅಪ್ಪನದು, ಆವತ್ತು ಇಟ್ಟಿರಲಿಲ್ಲ. ಅದನ್ನ ಮಾವ ಎಷ್ಟು ಪ್ರೀತಿಯಿಂದ ಓದಿದಾರೆ ಅಂತ ಮುನ್ನುಡೀಲೇ ಗೊತ್ತಾಗುತ್ತೆ. ಅದಕ್ಕೂ ಸೊನ್ನೆ ತೋರಿಸಿದ್ರೆ ನಾನೇ ಎಲ್ಲಾ ಅಳಿಸಿಹಾಕ್ತೀನಿ."

ಇಂಚರಳ ತಂದೆ ಮಹದೇವಸ್ವಾಮಿ ತಿರುಮಕೂಡಲಿನಲ್ಲಿ ಡ್ರಾಯಿಂಗ್ ಮೇಷ್ಟ್ರಾಗಿದ್ದವರು. ಬದುಕಿನಲ್ಲಿ ಒಂದೇ ಕಾದಂಬರಿ ಬರೆದರು, 'ಸುಣ್ಣದ ಗೂಡು' ಎಂದು. ಮುನ್ನುಡಿ ನಂಜರಾಜಯ್ಯನವರದು. ಆ ಪರಿಚಯದಿಂದಲೇ ಮುಂದೆ ಮಲ್ಲೇಶನಿಗೆ ಸಂಬಂಧ ಕೂಡಿಬಂದದ್ದು. ಮೇಷ್ಟ್ರು ತೀರಿಕೊಂಡು ಮೂರು ವರ್ಷವಾಗಿತ್ತು.

ನಂಜರಾಜಯ್ಯನವರು ಕೈತೊಳೆದುಕೊಂಡು ಕೋಣೆ ಸೇರಿದರು. ಹೆಂಡತಿ ಹಿಂದೆಯೇ ಬಂದರು.

"ಹೇಳಿಬಿಡಿ," ಎಂದರು.

"ಏನು ಹೇಳೋದು?"

"ನಲವತ್ತು ವರ್ಷದಿಂದ ನೋಡಿದೀನಿ. ನೀವು ಬರೆಯೋದು ನೋಡಿದೀನಿ, ಓದೋದು ನೋಡಿಲ್ಲ. ಇಷ್ಟು ದಿನ ಯಾರಿಗೂ ನಷ್ಟ ಇರಲಿಲ್ಲ ಅಂತ ಸುಮ್ನಿದ್ದೆ. ಈಗ ಆ ಮಗು ಅನ್ನ ಬಿಟ್ಟಿದೆ."

ಅವರಿಗೆ ಸಿಟ್ಟು ಬಂತು. ನಿಜ ಹೇಳಿದವರ ಮೇಲೆ ಬರುವಷ್ಟು ಸಿಟ್ಟು ಇನ್ನಾರ ಮೇಲೂ ಬರುವುದಿಲ್ಲ. ಅವರು ಇನ್ನೊಂದು ದಾರಿ ಹಿಡಿದರು. ಇನ್ನೂ ಎರಡು ದಿನ ಇದೆ, ಈಗಲೇ ಓದಿಬಿಟ್ಟರೆ ನಾಳಿದ್ದು ಕಣ್ಣಿಗೆ ಗುರುತು ಸಿಗುತ್ತದೆ, ತುಂಬಿದ ಚುಕ್ಕೆ ಬರುತ್ತದೆ, ಇಂಚರಳ ಕೆಲಸವೂ ಉಳಿಯುತ್ತದೆ, ತಮ್ಮ ಮುಖವೂ ಉಳಿಯುತ್ತದೆ. ಪರೀಕ್ಷೆಗೆ ಮೊದಲು ಪ್ರಶ್ನೆಪತ್ರಿಕೆ ಸಿಕ್ಕಿದ ವಿದ್ಯಾರ್ಥಿಯ ಹಾಗೆ ಮನೆಯಲ್ಲಿದ್ದ ಹಾಳೆಯಲ್ಲಿ 'ಸುಣ್ಣದ ಗೂಡು' ತೆಗೆದರು. ಇಂಚರ ಮೊದಲ ಮುದ್ರಣದ ಫೈಲ್ ಹಾಕಿಟ್ಟಿದ್ದಳು.

ಮೊದಲಿಗೆ ಸಿಕ್ಕಿದ್ದು ಅವರದೇ ಮುನ್ನುಡಿ. 'ಕಾವೇರಿ ಕಪಿಲೆಯರ ಮಡಿಲಿನಿಂದ ಬಂದ ಈ ಲೇಖಕರು ನದಿಯ ಬದುಕನ್ನು ಉಸಿರಾಡಿದವರು. ತುಂಬಿದ ಹೊಳೆಯಲ್ಲಿ ಹರಿಗೋಲು ದಾಟುವ ಪ್ರಸಂಗವಂತೂ ಕನ್ನಡದ ಓದುಗರು ಎಂದೂ ಮರೆಯಲಾರದ್ದು.' ಚೆನ್ನಾಗಿ ಬರೆದಿದ್ದೇನೆ ಎಂದುಕೊಂಡು ಮುಂದೆ ಹೋದರು.

ಕಥೆ ಸುಣ್ಣ ಸುಡುವ ಒಬ್ಬ ಹೆಂಗಸಿನದು. ಅವಳ ಅಂಗೈ ಸುಣ್ಣದಿಂದ ಸುಟ್ಟು ರೇಖೆಗಳೇ ಅಳಿಸಿಹೋಗಿವೆ. ಕೈ ನೋಡಿ ಭವಿಷ್ಯ ಹೇಳುವವನು ಊರಿಗೆ ಬಂದಾಗ ಅವಳು ಕೈ ಮುಂದೆ ಮಾಡುತ್ತಾಳೆ. ಅವನು ಎಷ್ಟೋ ಹೊತ್ತು ನೋಡಿ, ದುಡ್ಡು ವಾಪಸ್ ಕೊಟ್ಟು ಹೋಗುತ್ತಾನೆ. ಅಲ್ಲಿಗೆ ಬಂದಾಗ ನಂಜರಾಜಯ್ಯನವರು ಹಾಳೆಯನ್ನು ಮಡಿಲಲ್ಲಿ ಇಟ್ಟುಕೊಂಡು ಗೋಡೆ ನೋಡುತ್ತ ಕೂತರು. ಆಮೇಲೆ ಮತ್ತೆ ಕೈಗೆತ್ತಿಕೊಂಡರು. ಮೋಸ ಮಾಡಲು ಓದುತ್ತಿದ್ದೇನೆ ಎಂಬುದು ಅವರಿಗೆ ಮರೆತೇ ಹೋಯಿತು. ಮರುದಿನ ಮಧ್ಯಾಹ್ನ, ತಟ್ಟೆ ಹಾಕಿದೆ ಎಂದು ಹೆಂಡತಿ ಕರೆದಾಗ ಕೊನೆಯ ಪುಟದಲ್ಲಿದ್ದರು.

ಇಷ್ಟು ಒಳ್ಳೆಯ ಪುಸ್ತಕ ತನ್ನ ಕೈಯಲ್ಲಿ ಹಾದುಹೋಗಿತ್ತು. ಯಾರಿಗೂ ಇದನ್ನು ಓದಿ ಎಂದು ತಾನು ಹೇಳಿರಲಿಲ್ಲ, ಏಕೆಂದರೆ ತನಗೇ ಗೊತ್ತಿರಲಿಲ್ಲ. ಆ ನೋವು ಒಂದು ಕಡೆ. ಇನ್ನೊಂದು ಅದಕ್ಕಿಂತ ಕೆಟ್ಟದ್ದು. ಪುಸ್ತಕದಲ್ಲಿ ಹೊಳೆಯೇ ಇರಲಿಲ್ಲ. ನೀರಿಲ್ಲದ ಗುಡ್ಡ, ಕಲ್ಲು, ಬೆಂಕಿ, ಸುಣ್ಣ. ಹರಿಗೋಲನ್ನು ಅವರು ಊರಿನ ಹೆಸರಿನಿಂದ ಹುಟ್ಟಿಸಿಬಿಟ್ಟಿದ್ದರು. ಪುಸ್ತಕ ಬಿಡುಗಡೆಯ ದಿನ ಮೇಷ್ಟ್ರು ಬಂದು ಕಾಲಿಗೆ ನಮಸ್ಕಾರ ಮಾಡಿದ್ದು ನೆನಪಾಯಿತು. ಆಗ ಆ ಮನುಷ್ಯನಿಗೆ ಎಲ್ಲ ಗೊತ್ತಿತ್ತು! ಅವರಿಗೆ ಊಟ ಸೇರಲಿಲ್ಲ.

ಗಾಜಿನ ಕೋಣೆಗೆ ಮತ್ತೆ ಹೋದ ದಿನ ಅವರು ಹಾಳೆಯನ್ನು ಮುಟ್ಟಲಿಲ್ಲ. ಕೂತ ಕಡೆಯಿಂದಲೇ ಶಾಹಿದಾ ಮೇಡಂ, ಇಂಚರ ಇಬ್ಬರನ್ನೂ ಒಳಗೆ ಕರೆದರು.

"ನಿಮ್ಮ ಯಂತ್ರ ಸರಿಯಾಗಿದೆ," ಎಂದರು. "ಆ ಪುಸ್ತಕಗಳನ್ನ ನಾನು ಓದಿಲ್ಲ."

ಶಾಹಿದಾ ಮೇಡಂ ಮೆಲ್ಲಗೆ ನಕ್ಕರು. "ಸರ್, ಸೊಸೆಗೋಸ್ಕರ ನಿಮ್ಮ ಹೆಸರನ್ನೇ ಬಿಟ್ಟುಕೊಡೋಕೆ ಬಂದಿದೀರಿ. ದೊಡ್ಡ ಮನಸ್ಸು ನಿಮ್ಮದು. ಆದ್ರೆ ನಾವು ಅದನ್ನ ಪುರಾವೆ ಅಂತ ತಗೊಳ್ಳೋಕಾಗಲ್ಲ."

"ಮಾವ, ಹೀಗೆಲ್ಲ ಮಾತಾಡಬೇಡಿ," ಎಂದಳು ಇಂಚರ. ಕಣ್ಣು ತುಂಬಿತ್ತು. "ನನ್ನ ಕೆಲಸ ಹೋದ್ರೆ ಹೋಗಲಿ."

ನಂಜರಾಜಯ್ಯನವರಿಗೆ ನೆಲ ಬಾಯಿಬಿಡಬಾರದೇ ಅನ್ನಿಸಿತು. ಸುಳ್ಳು ಹೇಳಿದಾಗ ಗೌರವ ಸಿಕ್ಕಿತ್ತು. ನಿಜ ಹೇಳಿದರೆ ಇನ್ನೂ ಹೆಚ್ಚು ಸಿಗುತ್ತಿದೆ!

"ಹಾಗಾದ್ರೆ ಪರೀಕ್ಷೆ ಮಾಡಿ," ಎಂದರು. "ಯಂತ್ರ ಬೇಡ, ನೀವೇ ಕೇಳಿ."

ಶಾಹಿದಾ ಸಂಕೋಚದಿಂದಲೇ ಒಂದು ಕಾದಂಬರಿ ತೆಗೆದರು. "ಇದಕ್ಕೆ ನೀವು 'ನಾಯಕನ ಅಂತರಂಗದ ತುಮುಲ' ಅಂತ ಬರೆದಿದೀರಿ. ನಾಯಕ ಏನಾಗ್ತಾನೆ ಸರ್?"

"ಗೊತ್ತಿಲ್ಲ. ತುಮುಲ ಅಂತ ಎಲ್ಲದಕ್ಕೂ ಬರೀತೀನಿ."

"ಅವನು ಎರಡನೇ ಪುಟದಲ್ಲೇ ಸಾಯ್ತಾನೆ. ಉಳಿದದ್ದೆಲ್ಲ ಅವನ ಹೆಂಡತಿ ಕಥೆ."

"ನಾನು ಓದೋದು ಮೊದಲ ಪುಟ, ತಾಯಿ."

ಶಾಹಿದಾ ಇನ್ನೊಂದು ತೆಗೆದರು, ಮತ್ತೊಂದು ತೆಗೆದರು. ಪ್ರತಿಯೊಂದಕ್ಕೂ ಗೊತ್ತಿಲ್ಲ ಎಂಬ ಉತ್ತರವೇ ಬಂತು. ಮೇಡಂ ಮುಖದ ನಗು ಹೋಯಿತು. ಕೊನೆಗೆ ಅವರು ಪುಸ್ತಕ ಮುಚ್ಚಿ, "ಇಷ್ಟು ಸಾಕು ಸರ್. ಇಂಚರ, ನಿನ್ನ ಲೆಕ್ಕ ಸರಿ ಇದೆ," ಎಂದು ಹೊರಗೆ ಹೋದರು. ಹೋಗುವಾಗ ನಮಸ್ಕಾರ ಮಾಡಲಿಲ್ಲ.

ಇಂಚರ ಗೆದ್ದಿದ್ದಳು. ಗೆದ್ದವಳ ಹಾಗೆ ಕಾಣಲಿಲ್ಲ.

"ಅಪ್ಪನ ಪುಸ್ತಕ?" ಎಂದಳು.

"ಓದಿದೆ. ನಿನ್ನೆ ಮುಗಿಸಿದೆ. ಮೊದಲ ಸಲ. ನಿಮ್ಮಪ್ಪ ಇಷ್ಟು ದೊಡ್ಡ ಬರಹಗಾರ ಅಂತ ನಂಗೆ ಗೊತ್ತಿರಲಿಲ್ಲ ಕಣಮ್ಮ. ಅದರಲ್ಲಿ ಇಲ್ಲದ ಹರಿಗೋಲನ್ನ ನಾನು ಹೊಗಳಿದೀನಿ. ಊರು ತಿರುಮಕೂಡಲು ಅಂದ್ರು, ಹರಿಗೋಲು ಇರದೆ ಇರುತ್ತಾ ಅಂತ ಬರೆದೆ."

ಇಂಚರ ಅಲ್ಲಿದ್ದ ಕುರ್ಚಿ ಎಳೆದುಕೊಂಡು ಕೂತಳು. ಆಮೇಲೆ ತನಗೆ ತಾನೇ ಹೇಳಿಕೊಳ್ಳುವವಳ ಹಾಗೆ ಹೇಳಿದಳು.

"ಹರಿಗೋಲು ಇದೆ. ಎರಡನೇ ಮುದ್ರಣದಲ್ಲಿ."

"ಏನಂದೆ?"

"ಅಪ್ಪ ಆಮೇಲೆ ಒಂದು ಅಧ್ಯಾಯ ಸೇರಿಸಿದ್ರು. ಅದೊಂದು ಆ ಪುಸ್ತಕಕ್ಕೆ ಹೊಂದೋದೇ ಇಲ್ಲ ಅಂತ ನಂಗೆ ಯಾವಾಗಲೂ ಅನ್ನಿಸ್ತಿತ್ತು. ಅದಕ್ಕೇ ಹಾಳೆಗೆ ಮೊದಲನೇ ಮುದ್ರಣ ಹಾಕಿದ್ದು. ಅಪ್ಪಂಗೆ ಹೊಳೆ ಅಂದ್ರೆ ಭಯ, ಈಜು ಬರ್ತಿರಲಿಲ್ಲ. ಅದನ್ನ ಬರೆಯೋಕೆ ಅಂತಾನೇ ಹರಿಗೋಲು ಹತ್ತಿ, ವಾಂತಿ ಮಾಡ್ಕೊಂಡು ಮನೆಗೆ ಬಂದ್ರು. ಯಾಕಪ್ಪ ಇದೆಲ್ಲ ಅಂದೆ. 'ದೊಡ್ಡೋರು ಒಂದು ಮಾತು ಬರೆದಿದಾರೆ, ಯಾರಾದರೂ ಓದಿ ನೋಡಿದ್ರೆ ಅವರಿಗೆ ಅವಮಾನ ಆಗಬಾರದು' ಅಂದ್ರು. ಏನು ಹೇಳ್ತಿದಾರೆ ಅಂತ ಆಗ ನಂಗೆ ಗೊತ್ತಾಗಲಿಲ್ಲ." ಅವಳು ಕಣ್ಣೊರೆಸಿಕೊಂಡಳು. "ಮದುವೆ ಮಾತು ಬಂದಾಗ, ನಿನ್ನ ಪುಸ್ತಕ ಅಷ್ಟು ಚೆನ್ನಾಗಿ ಓದಿದೋರ ಮನೆ ಅಲ್ವಾ ಅಪ್ಪ, ನಾನು ಒಪ್ಕೊಳ್ತೀನಿ ಅಂದಿದ್ದೆ. ಅದಕ್ಕೂ ಅಪ್ಪ ಸುಮ್ಮನೇ ಇದ್ರು."

ನಂಜರಾಜಯ್ಯನವರು ಎರಡೂ ಕೈಯಿಂದ ಮುಖ ಮುಚ್ಚಿಕೊಂಡರು. ತನ್ನ ಸುಳ್ಳನ್ನು ನಿಜ ಮಾಡಲು ಆ ಮನುಷ್ಯ ತನ್ನ ಒಳ್ಳೆಯ ಪುಸ್ತಕವನ್ನೇ ಕೆಡಿಸಿಕೊಂಡಿದ್ದ. ಆ ಎರಡನೆಯ ಮುದ್ರಣವನ್ನು ಮೇಷ್ಟ್ರು ಮನೆಗೇ ತಂದುಕೊಟ್ಟಿದ್ದರು. ಅದನ್ನೂ ಅವರು ತೆರೆದಿರಲಿಲ್ಲ.

"ಆ ಅಧ್ಯಾಯ ಹಾಕಮ್ಮ," ಎಂದರು ಕೊನೆಗೆ. "ಓದಬೇಕು."

ಇಂಚರ ಅದನ್ನು ಹುಡುಕಿ ಹಾಳೆಗೆ ತುಂಬಿಸಿ ಅವರ ಕೈಗೆ ಕೊಟ್ಟಳು. ಹೊರಗೆ ಹೋಗಿ ಗಾಜಿನಾಚೆ ತನ್ನ ಜಾಗದಲ್ಲಿ ಕೂತಳು. ಮೈಕಿನಲ್ಲಿ ಅವಳ ದನಿ ಬಂತು. ಪ್ರಯೋಗಾಲಯದಲ್ಲಿ ಎಲ್ಲರೂ ಅವರನ್ನು ಸರ್ ಎನ್ನುತ್ತಿದ್ದರು; ಮದುವೆಯಾದ ದಿನದಿಂದ ಎಲ್ಲಿದ್ದರೂ ಯಾರ ಎದುರಿಗಾದರೂ ಮಾವ ಎನ್ನುತ್ತಿದ್ದವಳು ಅವಳೊಬ್ಬಳೇ.

"ತಲೆ ಅಲ್ಲಾಡಿಸಬೇಡಿ, ಸರ್," ಎಂದಳು. "ಮೊದಲನೇ ಸಾಲಿನಿಂದ ಓದಿ."

ಅವರು ತಲೆ ಅಲ್ಲಾಡಿಸಲಿಲ್ಲ. ಮೊದಲನೇ ಸಾಲಿನಿಂದ ಓದಿದರು.